ಮೂರು ರಾತ್ರಿ, ನಾಲ್ಕು ಹಗಲು

ಗೇರುಸೊಪ್ಪದಲ್ಲಿ ಶರಾವತಿ ಹೊಳೆಯಾಚೆಗಿನ ಊರಿನ ಹೆಸರು ನಗರಬಸ್ತಿಕೇರಿ. ಹೆಸರಿನಲ್ಲಿ ನಗರ ಇದೆ, ಬಸ್ತಿ ಇದೆ, ಕೇರಿ ಇದೆ. ಮೂರರಲ್ಲಿ ಇವತ್ತು ಕಣ್ಣಿಗೆ ಬೀಳುವುದು ಬಸ್ತಿ ಒಂದೇ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದುಕೊಂಡು ಕಾಡಿನೊಳಗೆ ಕೂತ ಕಲ್ಲಿನ ಚತುರ್ಮುಖ ಬಸದಿ, ಒಳಗೆ ಬೆನ್ನಿಗೆ ಬೆನ್ನು ಕೊಟ್ಟ ನಾಲ್ವರು ತೀರ್ಥಂಕರರು. ಕೇರಿ ಎಲ್ಲಿತ್ತು ಎಂದು ಕೇಳಿದರೆ ಮರಗಳ ಕಡೆ ಕೈ ತೋರಿಸುತ್ತಾರೆ. ನಗರ ಎಲ್ಲಿತ್ತು ಎಂದರೂ ಅದೇ ಕೈ, ಅದೇ ಮರ.

ಈ ಊರಿನ ಹತ್ತಿರದವನಾದ ನನಗೆ ನಗರ ನೋಡಲು ಹೋಗುವವರ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಕುತೂಹಲ. ಹಿಂದಿನ ವರ್ಷ ನಮ್ಮ ಮೇಲಿನಮನೆ ಭಾವ ದುಬೈಗೆ ಹೋಗಿ ಬಂದರು. ಅಡಕೆಗೆ ಒಳ್ಳೆಯ ದರ ಸಿಕ್ಕಿತ್ತು, ಮಗಳು ಬೆಂಗಳೂರಿನಿಂದಲೇ ಪ್ಯಾಕೇಜ್ ಹಿಡಿದಿದ್ದಳು: ಮೂರು ರಾತ್ರಿ, ನಾಲ್ಕು ಹಗಲು. ಹಿಂತಿರುಗಿ ಬಂದ ಸಂಜೆ ಜಗಲಿಯಲ್ಲಿ ಕೂತು ಮೊಬೈಲು ಕೈಗೆ ಕೊಟ್ಟರು. ಬುರ್ಜ್ ಖಲೀಫಾದ ಬುಡ, ಅದರ ನಡು, ಅದರ ತುದಿ, ರಾತ್ರಿ ಅದರ ಮೈಮೇಲೆ ಓಡುವ ದೀಪ. "ಹೇಂಗಿತ್ತು ಭಾವ?" ಎಂದೆ. "ಕುತ್ತಿಗೆ ನೋವು ಬಂತು ಮಾರಾಯಾ, ಎಲ್ಲ ಮೇಲೇ ನೋಡವು" ಎಂದರು.

ದೊಡ್ಡ ನಗರದ ಕುರಿತು ನಾನು ಕೇಳಿದ ಅತ್ಯಂತ ಪ್ರಾಮಾಣಿಕ ವರದಿ ಇದು. ನಗರ ತನ್ನನ್ನು ಹೇಗೆ ನೋಡಬೇಕೆಂದು ಬಯಸುತ್ತದೋ ಹಾಗೆಯೇ ಭಾವ ನೋಡಿ ಬಂದಿದ್ದರು. 828 ಮೀಟರು ಎತ್ತರದ ಕಟ್ಟಡವನ್ನು 2010ರ ಜನವರಿಯಲ್ಲಿ ತೆರೆದದ್ದು ಜನ ತಲೆ ಎತ್ತಲಿ ಎಂದೇ. ತಪ್ಪು ಭಾವನದ್ದಲ್ಲ. ಅವರ ಕೈಗೆ ಕೊಟ್ಟ ಹಾಳೆಯಲ್ಲಿ ಮೊದಲ ದಿನ ಮರುಭೂಮಿ ಸಫಾರಿ, ಎರಡನೇ ದಿನ ಬುರ್ಜ್, ಮಾಲ್, ಕಾರಂಜಿ, ಮೂರನೇ ದಿನ ಹೂತೋಟ, ರಾತ್ರಿ ದೋಣಿಯಲ್ಲಿ ಊಟ. ಚಿನ್ನದ ಬೀದಿ ಮತ್ತು ಮಸಾಲೆ ಬೀದಿ ಸೇರಿ ಅರ್ಧ ಗಂಟೆ. ಒಂದು ನಗರ ಏನು ಮಾಡಿ ಉಣ್ಣುತ್ತದೆ ಅನ್ನುವ ಸಂಗತಿಗೆ ನಾಲ್ಕು ದಿನದಲ್ಲಿ ಅರ್ಧ ಗಂಟೆ ಎತ್ತಿಟ್ಟಿದ್ದರು. ಉಣ್ಣುವ ತಟ್ಟೆ ನೋಡಲು ಮೂರೂವರೆ ದಿನ.

ಇಂಥ ಪ್ರವಾಸಗಳನ್ನು ಹಳಿಯುವವರ ಒಂದು ಗುಂಪು ನಮ್ಮಲ್ಲಿದೆ. ಮೂರು ದಿನದಲ್ಲಿ ಏನು ತಿಳಿದೀತು, ಇದು ನೋಡುವುದಲ್ಲ ಕೊಳ್ಳುವುದು, ಇದ್ದರೆ ಮೂರು ತಿಂಗಳು ಇರಬೇಕು, ಇಲ್ಲವಾದರೆ ಮನೆಯಲ್ಲಿ ಕೂತು ಪುಸ್ತಕ ಓದಬೇಕು ಎಂಬ ಧಾಟಿ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಸಂಬಳದ ರಜೆ ಇರುವವರು. ತೋಟಕ್ಕೆ ನೀರು ಬಿಡಬೇಕಾದವನಿಗೆ, ಕೊಟ್ಟಿಗೆಯಲ್ಲಿ ಎರಡು ದನ ಇರುವವನಿಗೆ ನಾಲ್ಕು ದಿನ ಸಿಕ್ಕುವುದೇ ಪಕ್ಕದ ಮನೆಯವರ ದಾಕ್ಷಿಣ್ಯದಿಂದ. ಅದೂ ಅಲ್ಲದೆ ನಮ್ಮ ಊರಿನ ಬಗ್ಗೆ ಜಗತ್ತಿಗೆ ತಿಳಿದಿರುವ ಎಷ್ಟೋ ಸಂಗತಿಗಳನ್ನು ಬರೆದಿಟ್ಟವರು ಅವಸರದಲ್ಲಿ ಬಂದು ಹೋದವರೇ. ಅವರ ಕಡತ ಬಿಚ್ಚಿದರೆ ಅಲ್ಪಕಾಲದ ಪ್ರವಾಸಿ ಎಲ್ಲಿ ಸರಿ, ಎಲ್ಲಿ ಎಡವುತ್ತಾನೆ ಎನ್ನುವುದು ಚೆನ್ನಾಗಿ ಕಾಣುತ್ತದೆ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಸಿರಿವಂತ ಗೋವೆಯಿಂದ ಹೊನ್ನಾವರಕ್ಕೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ, ಕೆಲಸವಿಲ್ಲದೆ, ಬರೀ ನೋಡುವ ಆಸೆಯಿಂದ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅವನು ಅಪ್ಪಟ ಟೂರಿಸ್ಟ್. ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತಿ ಹೋದ. ಈ ಹೊಳೆಯಷ್ಟು ಚೆಂದದ ಸಣ್ಣ ಹೊಳೆಯನ್ನು ತಾನು ಕಂಡಿಲ್ಲ ಎಂಬ ಅರ್ಥದ ಮಾತು ಬರೆದ. ಒಂದು ಕಾಲದಲ್ಲಿ ಹೆಸರಾಂತ ನಗರವಾಗಿದ್ದ, ರಾಣಿಯೊಬ್ಬಳ ರಾಜಧಾನಿಯಾಗಿದ್ದ ಊರು ಹಾಳುಬಿದ್ದು, ಅರಮನೆಯ ಮೇಲೆ ಮರ ಬೆಳೆದು, ರೈತರ ಕೆಲವು ಗುಡಿಸಲು ಮಾತ್ರ ಉಳಿದಿದೆ ಎಂದೂ ಬರೆದ. ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಎಣಿಸುತ್ತಾರೆ. ಹಾಗಾದರೆ ಅರಮನೆ ಕಾಡಾಗಲು ಬೇಕಾದದ್ದು ಹದಿನೇಳು ವರ್ಷ. ನಮ್ಮ ಮಳೆಗೆ ಅಷ್ಟು ಸಾಕು. ಎರಡು ಮಳೆಗಾಲ ಹಂಚು ಕೈಯಾಡಿಸದ ಮನೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಕಣ್ಣಿನಿಂದ ಕಂಡದ್ದರಲ್ಲಿ ದೆಲ್ಲಾ ವಾಲೆ ಎಡವಲಿಲ್ಲ. ಕಿವಿಗೆ ಬಿದ್ದದ್ದರಲ್ಲಿ ಎಡವಿದ ಎಂದೇ ನನ್ನ ಅನುಮಾನ. ರಾಣಿಯ ಹೆಸರು ಹೇಳದೆ ಅವನು ಒಂದು ಕತೆ ಬರೆದಿಟ್ಟಿದ್ದಾನೆ: ಕೊನೆಯ ರಾಣಿ ಕೀಳು ಕುಲದ ಪರಕೀಯನೊಬ್ಬನ ಮೇಲೆ ಮನಸ್ಸಿಟ್ಟಳು, ತನ್ನನ್ನೂ ರಾಜ್ಯವನ್ನೂ ಅವನಿಗೆ ಒಪ್ಪಿಸಿದಳು, ಅವನು ತಿರುಗಿಬಿದ್ದ, ಕೊನೆಗೆ ವೆಂಕಟಪ್ಪ ನಾಯಕನ ಕೈಗೆ ಎಲ್ಲ ಹೋಯಿತು. ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳು, ಪೋರ್ಚುಗೀಸರೇ 'ಮೆಣಸಿನ ರಾಣಿ' ಎಂದು ಕರೆದವಳು, ಗೇರುಸೊಪ್ಪ ಹಾಡುವಳ್ಳಿ ಎರಡೂ ಸೀಮೆ ಕೈಯಲ್ಲಿಟ್ಟುಕೊಂಡವಳು. ಅವಳ ಕತೆ ಕೊನೆಗೆ ಪ್ರಣಯದ ಒಂದು ಪ್ಯಾರಾ ಆಗಿ ಯುರೋಪಿಗೆ ಹೋಯಿತು. ಇದನ್ನು ಅವನಿಗೆ ಹೇಳಿದವರು ಯಾರಿದ್ದಾರು? ಅವನು ಹೋಗುತ್ತಿದ್ದದ್ದು ಗೆದ್ದವನ ಆಸ್ಥಾನಕ್ಕೆ, ಜೊತೆಯಲ್ಲಿದ್ದವರು ರಾಣಿಯೊಡನೆ ವರ್ಷಗಟ್ಟಲೆ ಕಾದಾಡಿದ ಪೋರ್ಚುಗೀಸರು. ಈ ಎರಡು ಕಡೆಯವರಲ್ಲಿ ಯಾರಿಗೂ ಮೆಣಸಿನ ಲೆಕ್ಕದ ಕತೆ ಬೇಕಿರಲಿಲ್ಲ. ಹೆಂಗಸು ಕೆಟ್ಟಳು, ರಾಜ್ಯ ಕೆಟ್ಟಿತು ಎನ್ನುವುದು ಇಬ್ಬರಿಗೂ ಅನುಕೂಲ. ದಾರಿಯಲ್ಲಿದ್ದ ಪ್ರವಾಸಿ ಅದನ್ನು ಡೈರಿಗೆ ಇಳಿಸಿದ. ಗಜಾನನ ಶರ್ಮರ 'ಚೆನ್ನಭೈರಾದೇವಿ' ಕಾದಂಬರಿ ಬರುವವರೆಗೆ ಕನ್ನಡದ ಸಾಮಾನ್ಯ ಓದುಗರಲ್ಲಿ ಎಷ್ಟು ಮಂದಿಗೆ ಅವಳ ಹೆಸರು ಗೊತ್ತಿತ್ತು ಎಂದು ನೆನೆದರೆ, ಒಂದು ಪ್ಯಾರಾದ ಬಲ ಎಷ್ಟೆಂದು ತಿಳಿಯುತ್ತದೆ.

ಇದಕ್ಕೂ ಮುಂಚೆ, 14ನೇ ಶತಮಾನದಲ್ಲಿ, ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಅವನು ಒಂದಕ್ಕಿಂತ ಹೆಚ್ಚು ಸಲ ಬಂದವನು. ಒಮ್ಮೆಯಂತೂ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡದ್ದನ್ನು ಸಂಕಟದಿಂದ ಬರೆದುಕೊಂಡಿದ್ದಾನೆ. (ಕುಚ್ಚಲಕ್ಕಿ ಗಂಜಿಯ ರುಚಿ ಹನ್ನೊಂದು ತಿಂಗಳಾದರೂ ಹತ್ತದವರು ಇದ್ದಾರೆ ಎನ್ನುವುದಕ್ಕೆ ಇದೇ ಹಳೆಯ ದಾಖಲೆ ಇರಬೇಕು.) ಆದರೆ ಅವನು ಊರಿನಲ್ಲಿ ಎಣಿಸಿದ್ದು ಏನನ್ನು ಗೊತ್ತೆ? ಹುಡುಗರ ಶಾಲೆ 23, ಹುಡುಗಿಯರ ಶಾಲೆ 13. ಬಂದರಿನ ಊರೊಂದರಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ಇತ್ತು ಎಂಬ ಒಂದು ಸಂಖ್ಯೆ ಆ ಊರಿನ ದುಡ್ಡು, ಧರ್ಮ, ಮನೆಗಳ ಒಳಗು, ಎಲ್ಲದರ ಬಗ್ಗೆಯೂ ಹೇಳುತ್ತದೆ. ಗೋಪುರ ಎಷ್ಟೆತ್ತರ ಎಂದು ಬರೆದಿದ್ದರೆ ಅವನ ಪುಟವನ್ನು ಇವತ್ತು ಯಾರೂ ತಿರುವುತ್ತಿರಲಿಲ್ಲ.

ಇವರಿಬ್ಬರನ್ನು ಎದುರಿಗಿಟ್ಟುಕೊಂಡು ನಾನು ಒಂದು ಮಾತು ಹೇಳಬಯಸುತ್ತೇನೆ: ನಗರ ನೋಡಲು ಮೂರು ದಿನ ಕಮ್ಮಿಯಲ್ಲ. ಆದರೆ ಮೂರು ದಿನದವನು ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು, ಕತೆ ಹೇಳುವವನನ್ನು ನಂಬಬಾರದು. ವಾಸಿಸುವವನಿಗೆ ನಗರದ ಕತೆಯನ್ನು ಒರೆಗೆ ಹಚ್ಚಲು ವರ್ಷಗಳಿವೆ, ಪ್ರವಾಸಿಗೆ ಇಲ್ಲ. ಅವನಿಗೆ ಇರುವುದು ಹೊಸ ಕಣ್ಣು ಮಾತ್ರ. ಅದನ್ನು ಸರಕು ಏರಿಸಿ ಇಳಿಸುವ ಕಡೆ ಇಡಬೇಕು.

ಇದನ್ನು ದುಬೈನಲ್ಲೇ ಪರೀಕ್ಷಿಸಬಹುದು. ಗೈಡ್ ಹೇಳುವ ಕತೆ ಎಲ್ಲರಿಗೂ ಬಾಯಿಪಾಠ: ಐವತ್ತು ವರ್ಷದ ಹಿಂದೆ ಇಲ್ಲಿ ಮರಳು ಬಿಟ್ಟು ಏನೂ ಇರಲಿಲ್ಲ, ಎಣ್ಣೆ ಸಿಕ್ಕಿತು, ನಗರ ಎದ್ದಿತು. ಭಾವ ಕೂಡ ಇದನ್ನೇ ಹೇಳಿದರು. ಇದು ದೆಲ್ಲಾ ವಾಲೆಯ ರಾಣಿಯ ಪ್ಯಾರಾದಂಥದೇ ಕತೆ. ಕೇಳಲು ಸೊಗಸು, ಯಾರಿಗೋ ಅನುಕೂಲ, ಲೆಕ್ಕಕ್ಕೆ ಹೊಂದುವುದಿಲ್ಲ.

ಲೆಕ್ಕ ಹೀಗಿದೆ. ದುಬೈ ಹುಟ್ಟಿದ್ದು ಖೋರ್ ಎಂದು ಅರಬ್ಬರು ಕರೆಯುವ, ಇಂಗ್ಲಿಷಿನವರು ಕ್ರೀಕ್ ಎಂದ, ಸಮುದ್ರ ನೆಲದೊಳಗೆ ನುಗ್ಗಿ ಮಾಡಿಕೊಂಡ ಉಪ್ಪುನೀರಿನ ಹೊಳೆಯ ದಂಡೆಯಲ್ಲಿ. 20ನೇ ಶತಮಾನದ ಆರಂಭದಲ್ಲಿ ಪರ್ಷಿಯಾ ತನ್ನ ಬಂದರುಗಳಲ್ಲಿ ಸುಂಕ ಏರಿಸಿತು. ದುಬೈನ ಶೇಖ್ ಸುಂಕ ಎತ್ತಿಹಾಕಿದ. ಕೊಲ್ಲಿಯ ಆಚೆ ದಡದ ವರ್ತಕರು ಗಂಟುಮೂಟೆ ಕಟ್ಟಿಕೊಂಡು ಈಚೆ ದಡಕ್ಕೆ ಬಂದರು. ಇರಾನಿನ ಬಸ್ತಕ್ ಎಂಬ ಊರಿನವರು ಗಾಳಿಗೋಪುರದ ಮನೆ ಕಟ್ಟಿಕೊಂಡ ಕೇರಿಗೆ ಬಸ್ತಕಿಯಾ ಎಂದೇ ಹೆಸರು ಬಿತ್ತು. ನಮ್ಮ ಬಸ್ತಿಕೇರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಆಮೇಲೆ ನಾನೂ ದುಬೈಗೆ ಹೋಗಿ ಅಲ್ಲಿನ ಫಲಕ ಓದಿದಾಗ ನನಗೆ ನಗು ಬಂತು. ಆಗಿನ ಸಂಪಾದನೆ ಮುತ್ತಿನದು. ಜಪಾನಿನವರು ಸಾಕಿದ ಮುತ್ತು ಪೇಟೆಗೆ ಬಂದ ಮೇಲೆ, 1930ರ ದಶಕದಲ್ಲಿ, ಆ ಕಸುಬು ಕುಸಿಯಿತು. ಆಮೇಲೆ ನಡೆಸಿದ್ದು ಚಿನ್ನ, ಬಹುಪಾಲು ನಮ್ಮ ಪಶ್ಚಿಮ ಕರಾವಳಿಗೆ, ಕಾನೂನಿನ ಕಣ್ಣು ತಪ್ಪಿಸಿ. ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮದೇ ರೂಪಾಯಿ. ಈ ಚಿನ್ನದ ವ್ಯಾಪಾರದಿಂದ ಭಾರತಕ್ಕೆ ಆಗುತ್ತಿದ್ದ ನಷ್ಟ ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿಸಬೇಕಾಯಿತು. ಅದೇ ಹೊತ್ತಿಗೆ ಖೋರ್ ಹೂಳಿನಿಂದ ಮುಚ್ಚುತ್ತಿತ್ತು. ಆಗ ದುಬೈ ಆಳುತ್ತಿದ್ದ ಶೇಖ್ ರಶೀದ್ ಕುವೈತಿನಿಂದ ಸಾಲ ತಂದು, ಊರಿನ ವರ್ತಕರಿಂದಲೂ ಹಣ ಎತ್ತಿ ಹೂಳು ತೆಗೆಸಿದ. ದೋಣಿಗಳು ಒಳಗೆ ಬಂದವು. ಎಣ್ಣೆ ಸಿಕ್ಕಿದ್ದು ಇದೆಲ್ಲ ಆದ ಮೇಲೆ, 1966ರಲ್ಲಿ. ಅದೂ ಅಬುಧಾಬಿಯಷ್ಟು ಅಲ್ಲ.

ಅಂದರೆ ಎಣ್ಣೆಗೆ ಮುಂಚೆ ಅಲ್ಲಿ ಮರಳು ಮಾತ್ರ ಇರಲಿಲ್ಲ. ಒಂದು ಪೇಟೆ ಇತ್ತು. ಇರಾನಿಗಳು, ಸಿಂಧಿಗಳು, ಗುಜರಾತಿಗಳು, ಬಲೂಚಿಗಳು ಇದ್ದ ಪೇಟೆ. 'ಬರೀ ಮರಳಿತ್ತು' ಎನ್ನುವ ಕತೆಯಲ್ಲಿ ಇವರೆಲ್ಲ ಬಿಟ್ಟುಹೋಗುತ್ತಾರೆ, ಉಳಿಯುವುದು ಆಳುವವರ ದೂರದೃಷ್ಟಿ ಒಂದೇ. ಗೆದ್ದವರ ಕತೆಗೆ ಇರುವ ಲಕ್ಷಣವೇ ಇದು.

ನಾನು ಹೋದಾಗ ನನಗೂ ಸಿಕ್ಕಿದ್ದು ನಾಲ್ಕು ಹಗಲು. ಎರಡು ಬೆಳಗನ್ನು ಖೋರ್ ದಂಡೆಯ ದೇರಾದ ದಕ್ಕೆಯಲ್ಲಿ ಕಳೆದೆ. ಒಂದು ದಿರ್ಹಮ್ ಕೊಟ್ಟರೆ ಅಬ್ರಾ ಎನ್ನುವ ಮರದ ದೋಣಿ ಈ ದಡದಿಂದ ಆ ದಡಕ್ಕೆ ದಾಟಿಸುತ್ತದೆ. ನಮ್ಮ ಹೊಳೆಯ ದೋಣಿಯಲ್ಲಿ ಕೂತಂತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು. ದಂಡೆಯುದ್ದಕ್ಕೂ ಮರದ ಹಡಗುಗಳು ಸಾಲಾಗಿ ಕಟ್ಟಿವೆ. ಅವುಗಳ ಎದುರು, ರಸ್ತೆಯ ಪಕ್ಕದಲ್ಲೇ, ಫ್ರಿಜ್ಜು, ಟೈರು, ಎಣ್ಣೆ ಡಬ್ಬಿ, ಬಿಸ್ಕತ್ತಿನ ಪೆಟ್ಟಿಗೆ, ಹಾಸಿಗೆ, ಎಲ್ಲ ಬಯಲಿನಲ್ಲಿ ಪೇರಿಸಿಟ್ಟಿದೆ. ಕಾಯಲು ಯಾರೂ ಇದ್ದಂತೆ ಕಾಣಲಿಲ್ಲ. ಇರಾನಿಗೆ, ಸೊಮಾಲಿಯಾಕ್ಕೆ ಹೋಗುವ ಮಾಲು. ಹಿಂದುಗಡೆ ಗಾಜಿನ ಬ್ಯಾಂಕು, ಮುಂದುಗಡೆ ಹಗ್ಗ ಹಿಡಿದು ಕೂಗುವ ಖಲಾಸಿ. ಬುರ್ಜ್ ಇಲ್ಲಿಂದ ಬೂದಿ ಬಣ್ಣದ ಸೂಜಿಯಂತೆ ಕಾಣುತ್ತಿತ್ತು. ಅಷ್ಟೇ ಸಾಕೆನಿಸಿತು.

ಮಸಾಲೆ ಬೀದಿಯಲ್ಲಿ ಅಂಗಡಿಯೊಂದರ ಎದುರು ನಿಂತೆ. ಕೇಸರಿ, ಒಣಗಿಸಿದ ನಿಂಬೆ, ಏಲಕ್ಕಿ, ಗುಲಾಬಿ ಮೊಗ್ಗು. ಒಂದು ಗೋಣಿಯಲ್ಲಿ ಕಾಳುಮೆಣಸು. ಮುಷ್ಟಿಯಲ್ಲಿ ತೆಗೆದು ಮೂಸಿದೆ, ಅಭ್ಯಾಸಬಲ. "ಎಲ್ಲಿಯದು?" ಎಂದು ಹಿಂದಿಯಲ್ಲಿ ಕೇಳಿದೆ. "ವಿಯೆಟ್ನಾಂ" ಎಂದ ಅಂಗಡಿಯವ, ನನ್ನ ಮುಖ ನೋಡಿ "ಇಂಡಿಯಾದ್ದೂ ಬರುತ್ತದೆ" ಎಂದು ಸೇರಿಸಿದ. ವ್ಯಾಪಾರಿಗೆ ಗಿರಾಕಿಯ ಮುಖ ಓದಲು ಬರಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ಇವತ್ತು ವಿಯೆಟ್ನಾಂ. ಪೋರ್ಚುಗೀಸರು ಯಾವ ಕಾಳಿಗಾಗಿ ಹೊನ್ನಾವರಕ್ಕೆ ಬೆಂಕಿ ಇಟ್ಟರೋ ಆ ಕಾಳು ಬೇರೆ ನೆಲಕ್ಕೆ ಹೋಗಿ, ಬೇರೆ ಹೊಳೆಯ ದಂಡೆಯಲ್ಲಿ ಗೋಣಿಯಲ್ಲಿ ಕೂತಿತ್ತು. ಕಾಲು ಕಿಲೋ ಕಟ್ಟಿಸಿಕೊಂಡೆ.

ಗೇರುಸೊಪ್ಪ ಹೇಗೆ ಉಣ್ಣುತ್ತಿತ್ತು ಎಂಬುದು ಆ ಅಂಗಡಿಯ ಎದುರು ನನಗೆ ಮೊದಲಿಗಿಂತ ಸ್ಪಷ್ಟವಾಯಿತು. ಹೊನ್ನಾವರದಿಂದ ಸುಮಾರು ಮೂವತ್ತು ಕಿಲೋಮೀಟರು ಒಳಗೆ, ದೋಣಿ ಬರಬಹುದಾದ ಕೊನೆಯ ಜಾಗದಲ್ಲಿ ನಮ್ಮ ಊರು ಇದೆ. ಅಲ್ಲಿಂದ ಮುಂದೆ ಬಂಡೆ, ಘಟ್ಟ. ಮೇಲಿನ ಮೆಣಸು ಹೇರೆತ್ತಿನ ಬೆನ್ನ ಮೇಲೆ ಘಟ್ಟ ಇಳಿಯಬೇಕು, ಇಲ್ಲಿ ದೋಣಿ ಹತ್ತಬೇಕು. ಎತ್ತು ನಿಲ್ಲುವ, ದೋಣಿ ಹೊರಡುವ ಜಾಗದಲ್ಲಿ ತೂಕದವನು ಬೇಕು, ಸುಂಕದವನು ಬೇಕು, ಸಾಲ ಕೊಡುವ ಶೆಟ್ಟಿ ಬೇಕು, ಅವರಿಗೆ ಬಸದಿ ಬೇಕು, ದೇವಸ್ಥಾನ ಬೇಕು. ಜೈನ ವರ್ತಕರು ಕಟ್ಟಿಸಿದ ಬಸದಿಗಳು, ಪಕ್ಕದಲ್ಲೇ ವೀರಭದ್ರನ ಗುಡಿ. ಭಟ್ಕಳದಲ್ಲಿ ಅರಬ್ಬೀ ಕುದುರೆ ಇಳಿಯುತ್ತಿತ್ತು, ಕುಮಟೆಯ ಮಿರ್ಜಾನ ಕೋಟೆಯ ನೆಲ ಅಗೆದಾಗ ಚೀನಾದ ಪಿಂಗಾಣಿ ಚೂರು ಸಿಕ್ಕಿತು. ಈ ಮೂರು ತಾಲೂಕು ಸೇರಿದರೆ ಏಷ್ಯಾದ ಒಂದು ಒಳ್ಳೆಯ ಪೇಟೆ ಆಗುತ್ತಿತ್ತು. 1590ರಲ್ಲಿ ಮೂರು ರಾತ್ರಿಗೆಂದು ಯಾರಾದರೂ ಇಲ್ಲಿಗೆ ಬಂದಿದ್ದರೆ ಅವರೂ ಬಸದಿಯ ಎದುರು ತಲೆ ಎತ್ತಿ ನಿಂತು, ಕುತ್ತಿಗೆ ನೋವು ಎಂದು ಮನೆಗೆ ಹೋಗಿ ಹೇಳುತ್ತಿದ್ದರೋ ಏನೋ.

ದಾರಿಯ ಮೇಲೆ ಬದುಕುವ ಊರು ದಾರಿ ತಿರುಗಿದ ದಿನ ಸಾಯುತ್ತದೆ. ಯುದ್ಧ ಅದರ ಒಂದು ಭಾಗ ಮಾತ್ರ. ಗೆದ್ದ ವೆಂಕಟಪ್ಪ ನಾಯಕನ ಕೆಳದಿ ಮನೆತನದವರ ರಾಜಧಾನಿ ಘಟ್ಟದ ಮೇಲಿತ್ತು. ಅವರಿಗೆ ಗೇರುಸೊಪ್ಪ ಹಲವು ಸುಂಕದ ಕಟ್ಟೆಗಳಲ್ಲಿ ಒಂದು ಕಟ್ಟೆ. ಸುಂಕ ಎಣಿಸುವ ಕೈ ಊರಲ್ಲೇ ಇರುವುದಕ್ಕೂ ಘಟ್ಟದ ಮೇಲೆ ಇರುವುದಕ್ಕೂ ಎಷ್ಟು ವ್ಯತ್ಯಾಸವೆಂದು ನಗರಬಸ್ತಿಕೇರಿಯ ಮರಗಳು ಹೇಳುತ್ತವೆ. ದುಬೈನ ಜಾಣತನ ಬುರ್ಜ್ ಕಟ್ಟಿದ್ದರಲ್ಲಿ ಇಲ್ಲ. ಖೋರ್ ಸಾಲದು ಎಂದು ಮೊದಲೇ ತಿಳಿದು 1972ರಲ್ಲಿ ರಶೀದ್ ಬಂದರು, 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದದ್ದರಲ್ಲಿ ಇದೆ. ಗೋಪುರ ಆ ಸಂಪಾದನೆಯ ಮೇಲೆ ಇಟ್ಟ ಕಳಶ. ನಮ್ಮ ಚತುರ್ಮುಖ ಬಸದಿಯೂ ಮೆಣಸಿನ ಸಂಪಾದನೆಯ ಕಳಶವೇ. ಕಳಶ ಉಳಿದು ಮನೆ ಹೋದದ್ದನ್ನು ಹುಟ್ಟಿದಾಗಿನಿಂದ ನೋಡಿದ ನಮ್ಮಂಥವರು, ಬೇರೆ ಊರಿಗೆ ಹೋದಾಗ ಕಳಶವನ್ನೇ ನೋಡುತ್ತ ನಿಂತರೆ ಹೇಗೆ?

ಭಟ್ಕಳದವರು ಹಾಗೆ ನಿಲ್ಲುವುದಿಲ್ಲ. ಅವರಿಗೆ ದುಬೈ ಪ್ರವಾಸವಲ್ಲ, ಪಕ್ಕದ ತಾಲೂಕು. ಅರಬ್ಬೀ ವ್ಯಾಪಾರದ ಕಾಲದಿಂದ ಇಲ್ಲಿ ನೆಲೆಸಿದ ನವಾಯತರು ಎಣ್ಣೆಯ ಕಾಲದಲ್ಲಿ ಅದೇ ಸಮುದ್ರ ದಾಟಿ ತಿರುಗಿ ಹೋದರು. ಭಟ್ಕಳದ ಬೀದಿಗಳಲ್ಲಿ ವರ್ಷದ ಬಹುಪಾಲು ಬಾಗಿಲು ಹಾಕಿರುವ ದೊಡ್ಡ ಮನೆಗಳನ್ನು ನೋಡಿದವರಿಗೆ ಈ ಎರಡೂರಿನ ಬಾಳುವೆ ಗೊತ್ತು. ಮಂಗಳೂರಿನಿಂದ ಹೊರಡುವ ವಿಮಾನದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಭಟ್ಕಳದವರು, ದೇರಾದಲ್ಲಿ ಬಟ್ಟೆ ಅಂಗಡಿ. ಕೈಚೀಲದಲ್ಲಿ ಒದ್ದೆ ಬಾಳೆಎಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ, ಸೊಸೆಗಂತೆ. ಇಪ್ಪತ್ತಾರು ವರ್ಷ ಅಲ್ಲಿದ್ದಾರೆ. "ಬುರ್ಜ್ ಹತ್ತಿದ್ದೀರಾ ಸಾಹೇಬರೆ?" ಎಂದು ಕೇಳಿದೆ. "ಅಂಗಡಿ ಯಾರು ನೋಡ್ಕೊಳ್ತಾರೆ?" ಎಂದರು. ಅವರಿಗೆ ಗೊತ್ತಿರುವ ನಗರದಲ್ಲಿ ಬಾಡಿಗೆ ಯಾವ ತಿಂಗಳು ಏರುತ್ತದೆ, ಯಾವ ದೇಶದ ಗಿರಾಕಿ ಚೌಕಾಸಿ ಮಾಡುತ್ತಾನೆ, ವೀಸಾ ಮುಗಿದರೆ ಯಾವ ಕಿಟಕಿಗೆ ಹೋಗಬೇಕು ಎನ್ನುವುದಿದೆ. ಇಪ್ಪತ್ತಾರು ವರ್ಷವಾದರೂ ಅದು ತನ್ನದೆಂದು ಬರೆದುಕೊಡುವ ಕಾಗದ ಅವರ ಕೈಯಲ್ಲಿಲ್ಲ. ಅಲ್ಲಿ ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಜನ ಹಾಗೆಯೇ. ನಗರದಲ್ಲಿರುವ ಬಹುತೇಕರು ಒಂದು ರೀತಿಯಲ್ಲಿ ತಂಗಲು ಬಂದವರೇ. ನಮ್ಮದು ಮೂರು ರಾತ್ರಿ, ಅವರದು ಮೂವತ್ತು ವರ್ಷ.

ಕೆಲಸ ನೋಡಲು ಹೊರಟವನು ಕೆಲಸಗಾರ ಮಲಗುವ ಜಾಗವನ್ನೂ ನೋಡಬೇಕಲ್ಲ. ದುಬೈನ ಮುಹೈಸ್ನಾದಲ್ಲಿರುವ ಕಾರ್ಮಿಕರ ಕ್ಯಾಂಪುಗಳನ್ನು ನಮ್ಮ ದೇಶದವರು ಸೋನಾಪುರ ಎಂದು ಕರೆಯುತ್ತಾರೆ. ಚಿನ್ನದ ಊರು! ಗೇರುಸೊಪ್ಪದಲ್ಲೂ ಬಂಗಾರಮಕ್ಕಿ ಇದೆ. ಅಲ್ಲಿ ಒಂದು ಕಾಲಕ್ಕೆ ಭತ್ತವೇ ಬಂಗಾರವಾಗಿತ್ತು ಎಂದುಕೊಳ್ಳಬಹುದು. ಸೋನಾಪುರದಲ್ಲಿ ಬಂಗಾರ ಊರಿಗೆ ಕಳಿಸಿದ ಹಣದಲ್ಲಿದೆ. ನಸುಕಿಗೆ ಅಲ್ಲಿಂದ ಬಸ್ಸುಗಳು ಹೊರಡುತ್ತವೆ, ಒಳಗಿನ ಮುಖಗಳೆಲ್ಲ ಕಿಟಕಿಗೆ ಒರಗಿ ನಿದ್ದೆಯಲ್ಲಿ. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಕಾನೂನಿದೆ. ಕಾನೂನು ಬೇಕಾಯಿತು ಎನ್ನುವುದರಲ್ಲೇ ಬಿಸಿಲು ಎಷ್ಟೆಂದು ತಿಳಿಯುತ್ತದೆ. ಇದನ್ನೂ ಪ್ಯಾಕೇಜಿನಲ್ಲಿ ಸೇರಿಸಿ, ಬಡವರ ಕೋಣೆ ತೋರಿಸಿ ಟಿಕೆಟು ಹರಿಯಿರಿ ಎಂದು ನಾನು ಹೇಳುತ್ತಿಲ್ಲ. ಅದು ಬುರ್ಜ್ ನೋಡುವುದಕ್ಕಿಂತ ಹೀನ. ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆಯಲ್ಲಿ ನಿಂತರೆ ಸಾಕು, ಬಸ್ಸು ತಾನಾಗಿಯೇ ಎದುರು ಹಾಯುತ್ತದೆ.

ಇಲ್ಲಿಗೆ ಬಂದರೆ ಕೆಲವರ ಉತ್ಸಾಹ ಇನ್ನೊಂದು ಕಡೆ ಜಿಗಿಯುತ್ತದೆ. ಅವರು ಹೂಳು ತೆಗೆದರು, ಬಂದರು ಮಾಡಿದರು, ನಾವೂ ಮಾಡೋಣ, ಹೊನ್ನಾವರವನ್ನು ದುಬೈ ಮಾಡೋಣ! ಹೊನ್ನಾವರದ ಅಳಿವೆಯಲ್ಲಿ ಹೂಳು ತುಂಬಿ ದೋಣಿ ಮಗುಚುವುದು ಮೀನುಗಾರರ ಹಳೆಯ ಸಂಕಟ, ಅದನ್ನು ತೆಗೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಯೇ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂದಾಗ ಅದನ್ನು ತಡೆಯಲು ನಿಂತದ್ದೂ ಅದೇ ಮೀನುಗಾರರು. ಒಣಮೀನು ಹರವುವ ಮರಳು, ಕಡಲಾಮೆ ಮೊಟ್ಟೆ ಇಡುವ ಮರಳು, ಮನೆ ಇರುವ ಮರಳು ಅವರಿಗೆ ಒಂದೇ. ಶೇಖ್ ರಶೀದ್ ಹೂಳು ತೆಗೆಯುವಾಗ ಯಾರನ್ನು ಕೇಳಬೇಕಿತ್ತು? ಇಲ್ಲಿ ಕೇಳಬೇಕು. ಕೇಳುತ್ತ ಕೂತರೆ ತಡವಾಗುತ್ತದೆ ಎನ್ನುವುದೂ ನಿಜ, ತಡವಾಗಲಿ ಎನ್ನುವುದೂ ನನ್ನ ಮತ. ಬೇಗ ಎದ್ದ ನಗರಗಳು ಯಾರ ಮಾತನ್ನು ಕೇಳದೆ ಎದ್ದವು ಎನ್ನುವುದೂ ಅವುಗಳ ಲೆಕ್ಕದಲ್ಲಿ ಸೇರಬೇಕು.

ಹಾಗೆ ನೋಡಿದರೆ ನಾವು ನಗರಕ್ಕೆ ಹೋಗುವ ಮುಂಚೆಯೇ ನಗರ ನಮ್ಮಲ್ಲಿಗೆ ಬಂದಾಗಿದೆ. ಲಿಂಗನಮಕ್ಕಿಯಲ್ಲಿ ನಿಂತ ಶರಾವತಿ ಗೇರುಸೊಪ್ಪದಲ್ಲಿ ಮತ್ತೊಮ್ಮೆ ನಿಂತು 240 ಮೆಗಾವಾಟ್ ಕೊಟ್ಟು ಕಡಲಿಗೆ ಹೋಗುತ್ತಾಳೆ. ಈಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ವಿದ್ಯುತ್ತಿನ ಬೇಡಿಕೆ ಏರಿದಾಗ ಇಳಿಸಿ, ತಗ್ಗಿದಾಗ ಏರಿಸುವ 2000 ಮೆಗಾವಾಟಿನ ಯೋಜನೆ. ಸಿಂಗಳೀಕಗಳಿರುವ ಕಾಡಿನಲ್ಲಿ ಸುರಂಗ, ಅದಕ್ಕೆ ಊರವರ ವಿರೋಧ. ಆ ವಿದ್ಯುತ್ತು ಬೇಕಾದದ್ದು ಸಂಜೆ ಏಳು ಗಂಟೆಗೆ ದೀಪ ಹಾಕುವ ದೊಡ್ಡ ನಗರಕ್ಕೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದದ್ದೂ ಮರೆಯುವಷ್ಟು ಹಳೆಯದಲ್ಲ. ಹೀಗಿರುವಾಗ ಬುರ್ಜಿನ 124ನೇ ಮಹಡಿಯಲ್ಲಿ ನಿಂತು ಕೆಳಗಿನ ದೀಪ ನೋಡುವ ಗೇರುಸೊಪ್ಪದವನ ಬಾಯಿಗೆ ಬರಬೇಕಾದ ಮೊದಲ ಮಾತು "ಕರೆಂಟು ಎಲ್ಲಿಯದು, ನೀರು ಎಲ್ಲಿಯದು?" ಎಂಬುದು. ನೀರು ಸಮುದ್ರದ್ದು, ಉಪ್ಪು ತೆಗೆದದ್ದು. ಕರೆಂಟು ಬಹುಪಾಲು ಅನಿಲ ಸುಟ್ಟದ್ದು, ಈಚೆಗೆ ಸೂರ್ಯನದ್ದೂ ಸೇರಿದೆ. ಈ ಪ್ರಶ್ನೆ ಕೇಳಲು ಬೇರೆ ಊರಿನವರಿಗಿಂತ ನಮಗೆ ಹೆಚ್ಚು ಹಕ್ಕಿದೆ, ಬಾಯಿ ಮಾತ್ರ ಬರುವುದಿಲ್ಲ. ಅಲ್ಲಿ ನಿಂತಾಗ ನಾವೂ ಫೋಟೋ ತೆಗೆಯುತ್ತೇವೆ. ನಾನೂ ತೆಗೆದೆ, ಸುಳ್ಳು ಏಕೆ ಹೇಳಲಿ.

ಇನ್ನು ನಮ್ಮಲ್ಲಿಗೆ ಬರುವ ಮೂರು ರಾತ್ರಿಯವರು. ಶನಿವಾರ ಬೆಂಗಳೂರಿನಿಂದ ಹೊರಟ ವ್ಯಾನು ಜೋಗ ನೋಡಿ, ಗೇರುಸೊಪ್ಪ ಘಟ್ಟ ಇಳಿದು, ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನ ದೋಣಿ ಹತ್ತಿ, ಮುರ್ಡೇಶ್ವರದಲ್ಲಿ ಶಿವನನ್ನು ತಲೆ ಎತ್ತಿ ನೋಡಿ ಹಿಂದಿರುಗುತ್ತದೆ. ಗೇರುಸೊಪ್ಪದಲ್ಲಿ ಅದು ಚಾಕ್ಕೆ ನಿಲ್ಲುವುದು ಹತ್ತು ನಿಮಿಷ. ಹೊಳೆಯಾಚೆ ಒಂದು ರಾಜಧಾನಿ ಇದೆ ಎಂದು ಅವರಿಗೆ ಹೇಳುವವರಿಲ್ಲ, ಹೇಳಿದರೆ ತೋರಿಸಲು ನಮ್ಮ ಬಳಿ ಇರುವುದು ಬಸದಿ ಮತ್ತು ಪುರಾತತ್ವ ಇಲಾಖೆಯ ನೀಲಿ ಫಲಕ. ಅದಕ್ಕೆ ಬಣ್ಣದ ದೀಪ ಬಿಟ್ಟು ಧ್ವನಿ ಬೆಳಕಿನ ಆಟ ಮಾಡಬೇಕು ಎನ್ನುವವರಿದ್ದಾರೆ. ನನಗೆ ಬೇಕಾದದ್ದು ಬೇರೆ. ಹೊನ್ನಾವರದಲ್ಲಿ ಭರತದ ಹೊತ್ತು ನೋಡಿ ದೋಣಿ ಹತ್ತಿಸಿ, ಮೆಣಸಿನ ಮೂಟೆ ಇಳಿಯುತ್ತಿದ್ದ ದಾರಿಯನ್ನು ಹಿಂದುಮುಂದಾಗಿ ಮೇಲಕ್ಕೆ ತಂದು, ಬಸದಿಯ ಸುತ್ತಲಿನ ಪಾಳು ಗೋಡೆಗಳ ನಡುವೆ ನಡೆಸಿ, ಯಾರದೋ ತೋಟದಲ್ಲಿ ಬಳ್ಳಿಯಿಂದ ಹಸಿ ಕೊತ್ತು ಕೀಳಿಸಬೇಕು. ಒಂದು ಹಗಲಿನ ಕೆಲಸ. ಪೇಟೆ ಎಂದರೆ ಕಟ್ಟಡವಲ್ಲ, ದಾರಿ ಎಂದು ಆಮೇಲೆ ಯಾರೂ ವಿವರಿಸಬೇಕಾಗುವುದಿಲ್ಲ.

ದುಬೈನಿಂದ ಬಂದ ಮರುದಿನ ಆ ಕಾಲು ಕಿಲೋ ಮೆಣಸನ್ನು ಭಾವನ ಜಗಲಿಗೆ ಒಯ್ದೆ. ಅವರು ಒಂದು ಕಾಳು ಬಾಯಿಗೆ ಹಾಕಿ, ಕಚ್ಚಿ, ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. ಹೋದ ಮಳೆಗಾಲದಲ್ಲಿ ಅವರ ತೋಟದ ಬಳ್ಳಿಗಳಲ್ಲಿ ಅರ್ಧದಷ್ಟು ಸೊರಗು ರೋಗಕ್ಕೆ ಹೋಗಿದ್ದವು.

"ಖಾರ ಸಾಲ್ತಿಲ್ಲೆ" ಎಂದರು. ಇನ್ನೊಂದು ಕಾಳು ತೆಗೆದುಕೊಂಡರು. ಆಮೇಲೆ ಕೇಳಿದರು:

"ಕೇಜಿಗೆ ಎಷ್ಟು ಹೇಳಿದ್ದ ಅಲ್ಲಿ?"